ಬಧಿರರ ಪಾಲು

ವಿದ್ಯೆಯೆಂಬುದು ನಮ್ಮ ದೇಶದಲ್ಲಿ ಬಹುಕಾಲ ಕಿವಿಯ ಸ್ವತ್ತಾಗಿದ್ದಿತು. ವೇದಕ್ಕೆ ಶ್ರುತಿಯೆಂಬ ಹೆಸರು ಬಂದುದು ಅದರಿಂದಲೇ. ಬಹಳವಾಗಿ ಓದಿಕೊಂಡವನಿಗೆ ಇಂದಿಗೂ ಬಹುಶ್ರುತನೆಂಬ ಬಿರುದು ಸಲ್ಲುತ್ತದೆ. ಹೀಗಿರಲು ಹುಟ್ಟಿನಿಂದಲೇ ಕಿವಿ ಕೇಳದವನ ಗತಿ ಏನಾಗಿದ್ದಿತೆಂಬುದನ್ನು ಊಹಿಸಬಹುದು. ಊಹೆಯೇಕೆ? ಧರ್ಮಶಾಸ್ತ್ರವೇ ಅದನ್ನು ಹೇಳುತ್ತದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಪಿತ್ರಾರ್ಜಿತದಲ್ಲಿ ಭಾಗವಿಲ್ಲದವರನ್ನು ಎಣಿಸುವಾಗ ಹುಟ್ಟುಕುರುಡರೊಡನೆ ಹುಟ್ಟುಕಿವುಡರನ್ನೂ ಮೂಕರನ್ನೂ ಸೇರಿಸಿದೆ. ಅಂಥವರಿಗೆ ಅನ್ನವಸ್ತ್ರಗಳನ್ನು ಕೊಟ್ಟು ಪೋಷಿಸತಕ್ಕುದೆಂದು ಅದೇ ಗ್ರಂಥವು ವಿಧಿಸುತ್ತದೆ. ಆದರೆ ಪೋಷಣೆ ಬೇರೆ, ಪಾಲು ಬೇರೆ.

ಈ ನಿಯಮಕ್ಕೆ ಒಂದು ಕಿಂಡಿಯನ್ನು ತೆರೆದಿಟ್ಟ ವ್ಯಾಖ್ಯಾನವು ಕನ್ನಡನಾಡಿನಲ್ಲಿಯೇ ಹುಟ್ಟಿತೆಂಬುದು ಸ್ಮರಣೀಯವಾಗಿದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯು ಬಧಿರಾದಿಗಳನ್ನು ದಾಯದಿಂದ ಹೊರಗಿಡುವ ಮತವನ್ನೇ ಅನುಸರಿಸಿತು. ಆದರೆ ಅದರೊಡನೆ ಮತ್ತೊಂದು ಮಾತನ್ನೂ ಸೇರಿಸಿತು: ವಿಭಾಗವಾದ ಮೇಲೆ ಔಷಧಾದಿಗಳಿಂದ ದೋಷವು ಪರಿಹಾರವಾದುದಾದರೆ ಅವನಿಗೂ ಭಾಗವು ಸಲ್ಲತಕ್ಕುದು. ಎಂದರೆ, ಹೊರಗಿಟ್ಟುದು ಮನುಷ್ಯನನ್ನಲ್ಲ, ಅವನ ದೋಷವನ್ನು; ದೋಷವು ಹೋದಲ್ಲಿ ಹಕ್ಕು ಮರಳಿ ಬರುವುದು.

ಈ ವಾಕ್ಯವು ಸುಮಾರು ೯೦೦ ವರ್ಷಗಳು ಹುಟ್ಟುಕಿವುಡರ ಮಟ್ಟಿಗೆ ಬರಿಯ ಅಕ್ಷರವಾಗಿಯೇ ಉಳಿಯಿತು. ಏಕೆಂದರೆ ಔಷಧವೇ ಇರಲಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಕಿವಿಯ ರೋಗಗಳನ್ನು ೨೮ ಎಂದು ಎಣಿಸಿ ಬಾಧಿರ್ಯವನ್ನೂ ಅವುಗಳಲ್ಲಿ ಹೇಳಿದೆ. ಅನಂತರದ ವೈದ್ಯಗ್ರಂಥಗಳಾದರೋ, ಬಾಲರ ಕಿವುಡು, ವೃದ್ಧರ ಕಿವುಡು, ಬಹುಕಾಲದ ಕಿವುಡು ಇವುಗಳನ್ನು ಅಸಾಧ್ಯವೆಂದು ಬಿಡತಕ್ಕುದೆಂದು ವೈದ್ಯನಿಗೆ ತಿಳಿಸಿದುವು. ನ್ಯಾಯವು ವೈದ್ಯಕ್ಕಿಂತ ಮುಂಚೆ ಬಂದಿತು: ೧೯೨೮ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಒಂದು ಕಾಯಿದೆಯೂ, ಸ್ವಾತಂತ್ರ್ಯಾನಂತರ ೧೯೫೬ರ ಹಿಂದೂ ಉತ್ತರಾಧಿಕಾರದ ಕಾಯಿದೆಯೂ ಈ ಅನರ್ಹತೆಯನ್ನು ತೊಡೆದುಹಾಕಿದುವು. ವಿದ್ಯೆಯ ಕಡೆಯಿಂದಲೂ ಪ್ರಯತ್ನವು ನಡೆದಿದ್ದಿತು. ೧೯೦೧ರಲ್ಲಿಯೇ ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಕುರುಡರಿಗೂ ಕಿವುಡರಿಗೂ ಪಾಠಶಾಲೆಯನ್ನು ಸ್ಥಾಪಿಸಿದರು. ಭೂಮಿಯ ಪಾಲು ಹೀಗೆ ಬಂದಿತು. ಮಾತಿನ ಪಾಲು ಮಾತ್ರ ಉಳಿದಿದ್ದಿತು.

ಅದು ಹೇಗೆ ಬಂದಿತೆಂಬುದನ್ನು ತಿಳಿಯಲು ಕಿವಿಯ ರಚನೆಯನ್ನು ಸ್ವಲ್ಪ ನೋಡಬೇಕು. ಶಬ್ದವು ಕಿವಿಯ ತಮಟೆಯನ್ನು ಅಲುಗಿಸುತ್ತದೆ. ಮೂರು ಸಣ್ಣ ಎಲುಬುಗಳು ಆ ಅಲುಗಾಟವನ್ನು ಒಳಗಿವಿಗೆ ಮುಟ್ಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತಿಗೂ ಮಿಕ್ಕು ಸುರುಳಿಯಾಗಿರುವ ಒಂದು ನಾಳವಿದೆ. ಇದೇ ಕಾಕ್ಲಿಯಾ. ಇದರೊಳಗಿನ ಇಂದ್ರಿಯವನ್ನು ಇಟಲಿಯ ಕೋರ್ಟಿಯು ೧೮೫೧ರಲ್ಲಿ ವರ್ಣಿಸಿದನು. ಅಲ್ಲಿ ಸುಮಾರು ೧೫,೦೦೦ ಸೂಕ್ಷ್ಮ ರೋಮಕೋಶಗಳಿವೆ. ಸುರುಳಿಯ ಬುಡದ ಕೋಶಗಳು ತಾರಸ್ವರವನ್ನೂ ತುದಿಯವು ಮಂದ್ರವನ್ನೂ ಗ್ರಹಿಸುತ್ತವೆ. ವೀಣೆಯ ಮೇಳದಲ್ಲಿ ಒಂದೊಂದು ಮೆಟ್ಟಿಗೆ ಒಂದೊಂದು ಸ್ವರವಿದ್ದಂತೆ ಇಲ್ಲಿಯೂ ಸ್ವರಕ್ಕೆ ಸ್ಥಾನವು ಗೊತ್ತಾಗಿದೆ. ಈ ಕೋಶಗಳು ಅಲುಗಾಟವನ್ನು ವಿದ್ಯುತ್ಸಂಕೇತವನ್ನಾಗಿ ಮಾಡಿ ನರದ ಮೂಲಕ ಮಿದುಳಿಗೆ ಕಳುಹಿಸುತ್ತವೆ. ಹುಟ್ಟುಕಿವುಡಿನಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಈ ಕೋಶಗಳೇ. ನರವು ಬಹುಮಟ್ಟಿಗೆ ಉಳಿದಿರುತ್ತದೆ. ಗರ್ಭಿಣಿಗೆ ತಗುಲುವ ರುಬೆಲ್ಲಾ, ಮಗುವಿಗೆ ಬರುವ ಮಿದುಳುಪೊರೆಯ ಜ್ವರ, ಹಸುಗೂಸಿನ ತೀವ್ರ ಕಾಮಾಲೆ, ವಂಶದ ದೋಷ ಮೊದಲಾದುವು ಇದಕ್ಕೆ ಕಾರಣಗಳು. ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿಯಿಂದ ವಂಶದ ಅಡಗಿದ ದೋಷವು ಹೊರಬೀಳುವ ಸಂಭವ ಹೆಚ್ಚೆಂಬುದನ್ನು ಗೃಹಸ್ಥರು ಮರೆಯಲಾಗದು.

ಕೋಶಗಳು ಸತ್ತಲ್ಲಿ ಶಬ್ದವನ್ನು ದೊಡ್ಡದು ಮಾಡುವ ಸಾಧಾರಣ ಶ್ರವಣಯಂತ್ರವು ಫಲಿಸದು. ಆ ಕೋಶಗಳನ್ನು ದಾಟಿ ನರವನ್ನೇ ವಿದ್ಯುತ್ತಿನಿಂದ ಎಬ್ಬಿಸಬಹುದಲ್ಲವೆ? ಸುಮಾರು ೧೮೦೦ರಲ್ಲಿ ವೋಲ್ಟಾ ಪಂಡಿತನು ತನ್ನ ಎರಡು ಕಿವಿಗಳಲ್ಲಿಯೂ ಲೋಹದ ಕಡ್ಡಿಗಳನ್ನಿಟ್ಟು ತಾನೇ ನಿರ್ಮಿಸಿದ ಬ್ಯಾಟರಿಗೆ ಸೇರಿಸಿಕೊಂಡನು; ತಲೆಯಲ್ಲಿ ಒಂದು ಆಘಾತವಾಗಿ ಗಟ್ಟಿಯಾದ ಸಾರು ಕುದಿಯುವಂಥ ಸದ್ದು ಕೇಳಿಸಿತು. ೧೯೫೭ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೊ ಮತ್ತು ಎರಿಯೆ ಎಂಬವರು ಪೂರ್ಣ ಕಿವುಡನಾದ ಒಬ್ಬನ ಶ್ರವಣನರಕ್ಕೆ ತಂತಿಯನ್ನು ಸೇರಿಸಿದರು. ಅವನಿಗೆ ಮಾತಿನ ಲಯವು ತಿಳಿಯಿತೇ ಹೊರತು ಮಾತು ಚೆನ್ನಾಗಿ ತಿಳಿಯಲಿಲ್ಲ. ೧೯೬೧ರಲ್ಲಿ ಲಾಸ್ ಏಂಜಲೀಸಿನ ವಿಲಿಯಂ ಹೌಸನು ಕಾಕ್ಲಿಯಾದೊಳಗೆ ತಂತಿಯನ್ನಿಟ್ಟನು. ಒಂದೇ ತಂತಿಯಿಂದ ಎಲ್ಲ ಸ್ವರಗಳೂ ಹೊರಡುವುದು ಹೇಗೆ? ಹಲವು ಸ್ಥಾನಗಳಲ್ಲಿ ಹಲವು ವಿದ್ಯುದಗ್ರಗಳು ಬೇಕಾದುವು. ೧೯೭೭ರಲ್ಲಿ ವಿಯೆನ್ನಾದ ಹೋಖ್‌ಮೈರ್ ದಂಪತಿಗಳ ಯಂತ್ರವೂ, ೧೯೭೮ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕನ ಯಂತ್ರವೂ ಹೀಗೆ ಬಂದುವು. ಸುರುಳಿಯೊಳಗೆ ತಂತಿಯನ್ನು ಹೇಗೆ ತೂರಿಸುವುದೆಂಬ ತೊಡಕು ಕ್ಲಾರ್ಕನಿಗೆ ಬಿಡಿಸಿದುದು ಸಮುದ್ರತೀರದಲ್ಲಿ: ಶಂಖದಂಥ ಒಂದು ಚಿಪ್ಪಿನೊಳಗೆ ಹುಲ್ಲಿನ ಎಸಳನ್ನು ತಳ್ಳಿದಾಗ, ತುದಿ ಮೆತ್ತಗೆ ಬುಡ ಬಿಗಿಯಾಗಿದ್ದರೆ ಅದು ಸುಲಭವಾಗಿ ಒಳಹೋಗುವುದೆಂದು ತಿಳಿಯಿತು. ಅಮೆರಿಕದ ಸರ್ಕಾರವು ಈ ಚಿಕಿತ್ಸೆಯನ್ನು ೧೯೮೪ರಲ್ಲಿ ದೊಡ್ಡವರಿಗೂ ೧೯೯೦ರಲ್ಲಿ ಎರಡು ವರ್ಷ ತುಂಬಿದ ಮಕ್ಕಳಿಗೂ ಅಂಗೀಕರಿಸಿತು.

ಈಗಿನ ಕಾಕ್ಲಿಯರ್ ಇಂಪ್ಲಾಂಟಿಗೆ ಎರಡು ಭಾಗಗಳು. ಕಿವಿಯ ಹಿಂದೆ ಧರಿಸುವ ಭಾಗವು ಶಬ್ದವನ್ನು ಹಿಡಿದು, ಅದನ್ನು ಸ್ವರಗಳಾಗಿ ಬಿಡಿಸಿ, ಚರ್ಮದ ಮೇಲಿನಿಂದಲೇ ರೇಡಿಯೋ ಅಲೆಗಳಾಗಿ ಒಳಗೆ ಕಳುಹಿಸುತ್ತದೆ. ಚರ್ಮದಡಿಯ ಭಾಗವು ಅದನ್ನು ಗ್ರಹಿಸಿ, ಕಾಕ್ಲಿಯಾದೊಳಗಿನ ೧೨ರಿಂದ ೨೨ ವಿದ್ಯುದಗ್ರಗಳಿಗೆ ಹಂಚುತ್ತದೆ. ಶಸ್ತ್ರಕ್ರಿಯೆಯು ಕೆಲವೇ ಗಂಟೆಗಳ ಕೆಲಸ. ಗಾಯವು ಮಾಯ್ದ ಮೇಲೆ, ಕೆಲವು ವಾರಗಳ ತರುವಾಯ, ಯಂತ್ರಕ್ಕೆ ಚಾಲನೆ ಕೊಡುತ್ತಾರೆ. ಆಗ ಮಗುವಿಗೆ ಕೇಳುವುದು ಭಾಷೆಯಲ್ಲ, ಅರ್ಥವಿಲ್ಲದ ಸದ್ದು. ೧೫,೦೦೦ ಕೋಶಗಳ ಕೆಲಸವನ್ನು ೧೨ರಿಂದ ೨೨ ಅಗ್ರಗಳೊಳಗೆ ಮಾಡಬೇಕಾಗಿರುವುದರಿಂದ ಅದು ಸಹಜವಾದ ಶ್ರವಣಕ್ಕೆ ಸಮನಾಗದು. ಸಂಗೀತವು ಬಹಳ ಮಂದಿಗೆ ಮಸುಕಾಗಿಯೇ ಇರುತ್ತದೆ.

ಆ ಸದ್ದು ಮಾತಾಗುವುದು ಅಭ್ಯಾಸದಿಂದ. ಪರ, ಬರ, ಮರ ಎಂಬ ಮೂರು ಶಬ್ದಗಳನ್ನು ಕನ್ನಡಿಯ ಮುಂದೆ ಉಚ್ಚರಿಸಿ ನೋಡಿದರೆ ತುಟಿಯ ಚಲನೆಯಲ್ಲಿ ಭೇದವೇ ಕಾಣಿಸದು, ಭೇದವಿರುವುದು ಕಿವಿಗೆ. ಹಲ್ಲು ಹಾಲುಗಳ ಹ್ರಸ್ವದೀರ್ಘವನ್ನೂ ಕಲ್ಲು ಕಳ್ಳುಗಳ ಅಂತರವನ್ನೂ ಆರೋಗ್ಯವಂತ ಕೂಸು ತೊಟ್ಟಿಲಿನಲ್ಲಿಯೇ ಸಂಗ್ರಹಿಸಿಕೊಳ್ಳುತ್ತದೆ. ಮಿದುಳು ಈ ಸಂಗ್ರಹಕ್ಕೆ ತೆರೆದಿರುವುದು ಮೊದಲ ಕೆಲವು ವರ್ಷಗಳು ಮಾತ್ರ. ಆದುದರಿಂದಲೇ ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಪ್ರಾರಂಭ ಎಂದು ತಜ್ಞರು ಗೊತ್ತುಮಾಡಿದ್ದಾರೆ. ‘ತಂದೆಗೂ ಮಾತು ತಡವಾಗಿಯೇ ಬಂದಿತು’ ಎಂದು ಹಿರಿಯರು ಹೇಳಿ ಮೂರು ವರ್ಷ ಕಾಯುವುದು ಮಗುವಿನ ಪಾಲನ್ನು ಕಳೆದಂತೆಯೇ ಸರಿ.

ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು. ಕೆಂಗೇರಿಯನ್ನು ದಾಟಿ ಸಾಗುವ ರಸ್ತೆಯೂ ರೈಲೂ ಮುಟ್ಟುವ ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಪ್ರಾರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದೇಶದಲ್ಲಿಯೇ ಪ್ರಸಿದ್ಧವಾದುದು. ಅಲ್ಲಿಯ ಶಿಶುಶಾಲೆಯಲ್ಲಿ ಕೂಸಿನ ಪಕ್ಕದಲ್ಲಿ ತಾಯಿಯೂ ಕುಳಿತು ಕಲಿಯುತ್ತಾಳೆ. ಪಾಠ ಹೇಳುವವಳು ಕಡೆಗೆ ಅವಳೇ. ಲಕ್ಷಗಟ್ಟಲೆ ಬೆಲೆಯ ಯಂತ್ರವು ರಾಜಾಜಿನಗರ ವಿಜಯನಗರಗಳ ಕಾರ್ಖಾನೆಯ ನೌಕರನಿಗೆ ಎಟುಕುವುದು ಕಷ್ಟ. ಇದಕ್ಕಾಗಿ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯು ೨೦೧೪ರ ಪರಿಷ್ಕರಣದಲ್ಲಿ ಒಂದು ಮಗುವಿಗೆ ೬ ಲಕ್ಷ ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಿತು. ರಾಜ್ಯದ ‘ಶ್ರವಣ ಸಂಜೀವಿನಿ’ಯು ಆರು ವರ್ಷದೊಳಗಿನ ಮಕ್ಕಳಿಗಾಗಿ ಏರ್ಪಟ್ಟಿದೆ. ಆದರೆ ಶಸ್ತ್ರಕ್ರಿಯೆಯೊಡನೆ ವೆಚ್ಚವು ಮುಗಿಯುವುದಿಲ್ಲ. ಬ್ಯಾಟರಿ, ತಂತಿ, ರಿಪೇರಿ, ಕೆಲವು ವರ್ಷಗಳಿಗೊಮ್ಮೆ ಹೊರಭಾಗದ ಬದಲಾವಣೆ ಇವು ಜೀವಮಾನಪರ್ಯಂತ ಉಂಟು. ಕೆಟ್ಟ ಯಂತ್ರವು ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಮಗುವು ಮತ್ತೆ ಮೊದಲಿನ ಮೌನಕ್ಕೆ ಮರಳುತ್ತದೆ.

ಎಲ್ಲರಿಗೂ ಈ ಯಂತ್ರವು ಸಲ್ಲದು. ಶ್ರವಣನರವೇ ಇಲ್ಲದವರಿಗೂ, ಮಾತನ್ನೇ ಕೇಳದೆ ಪ್ರಾಯಕ್ಕೆ ಬಂದ ಹುಟ್ಟುಕಿವುಡರಿಗೂ ಇದರಿಂದ ಫಲವು ಇಲ್ಲವೆ ಅತ್ಯಲ್ಪ. ಅಂಥವರಿಗೆ ಸಂಜ್ಞಾಭಾಷೆಯೇ ಭಾಷೆ. ಅದರ ಅಧ್ಯಯನಕ್ಕೆಂದು ೨೦೧೫ರಲ್ಲಿ ದೆಹಲಿಯಲ್ಲಿ ಕೇಂದ್ರವು ಸ್ಥಾಪಿತವಾಯಿತು. ಕೈಯಿಂದ ಆಡುವ ಮಾತು ಮಾತಲ್ಲವೆಂದು ಹೇಳುವುದು ಹಳೆಯ ಅನರ್ಹತೆಯನ್ನೇ ಹೊಸ ಹೆಸರಿನಿಂದ ಮರಳಿ ತಂದಂತಾದೀತು.

ವಿಜ್ಞಾನೇಶ್ವರನು ಔಷಧದೊಡನೆ ‘ಆದಿ’ ಶಬ್ದವನ್ನು ಸೇರಿಸಿದಾಗ ಅದರೊಳಗೆ ಏನೇನು ಅಡಗಬಹುದೆಂಬುದು ಅವನಿಗೆ ತಿಳಿದಿರಲಾರದು. ಇಂದು ಅದರೊಳಗೆ ಹುಲ್ಲೆಸಳಿನಷ್ಟು ಮೆತ್ತನೆಯ ಒಂದು ತಂತಿಯೂ, ಅಡಿಗೆಯ ಮನೆಯಲ್ಲಿ ಒಂದೊಂದು ಪಾತ್ರೆಯನ್ನೂ ತೋರಿಸಿ ಅದರ ಹೆಸರನ್ನು ನೂರು ಸಲ ಹೇಳುವ ತಾಯಿಯ ಧ್ವನಿಯೂ ಸೇರಿವೆ.