ತಾಳಮದ್ದಳೆಯಲ್ಲಿ ಪಾತ್ರದ ಅಧಿಕಾರ ಮತ್ತು ಅರ್ಥಧಾರಿಯ ದರ್ಪ

ಪಾತ್ರ ಹೊತ್ತು ಆಡುವ ಆಟಗಳಲ್ಲಿ ಒಂದು ತಕರಾರು ಎಲ್ಲ ಕಡೆಯೂ ಉಂಟು: ರಾಜನಾದವನು ದರ್ಪ ತೋರಿದರೆ ಅದು ಪಾತ್ರದ ನಡತೆಯೋ, ಆಡುವವನ ದಬ್ಬಾಳಿಕೆಯೋ? 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಮಾದರಿಯ ಆಟಗಳಲ್ಲಿ ಕೊನೆಯ ಮಾತು ಆಟ ನಡೆಸುವವನದು. ಸಂದೇಹ ಬಂದಲ್ಲಿ ದಾಳವಿದೆ. ದಾಳವಿಲ್ಲದೆ, ಬರೆದಿಟ್ಟ ಸಂಭಾಷಣೆಯಿಲ್ಲದೆ, ವೇಷವೂ ಇಲ್ಲದೆ ಇದೇ ಪ್ರಶ್ನೆಗೆ ಮುಖಾಮುಖಿಯಾದ ಕಲೆ ಕರಾವಳಿಯ ತಾಳಮದ್ದಳೆ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತು ಕಟ್ಟುವ ಕೂಟ ಅದು. ಈ ಸೀಮೆಯಲ್ಲಿ ಯಕ್ಷಗಾನ ಬಯಲಾಟಕ್ಕೆ ತೆಂಕು, ಬಡಗು ತಿಟ್ಟುಗಳ ಭೇದವಿದೆ. ಕೂಟಕ್ಕೆ ಅದು ಅಷ್ಟಾಗಿ ತಟ್ಟುವುದಿಲ್ಲ. ಹೆಸರಾಂತ ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರೂ ಮಲ್ಪೆ ರಾಮದಾಸ ಸಾಮಗರೂ ಇದಿರುಬದಿರಾಗಿ ಅರ್ಥ ಹೇಳಿದವರು.

ಇಲ್ಲಿ ಸೋಲು ಗೆಲುವು ಪ್ರಸಂಗದ ಕಥೆಯಲ್ಲೇ ನಿಶ್ಚಿತ. ವಾಲಿ ಸಾಯಲೇಬೇಕು, ಕೃಷ್ಣನ ಸಂಧಾನ ಮುರಿಯಲೇಬೇಕು. ಆದುದರಿಂದ ಅಧಿಕಾರ ಕೆಡುವುದು ಫಲಿತಾಂಶದಲ್ಲಲ್ಲ, ಇದಿರಾಳಿಯ ಮಾತಿನ ಸರದಿಯಲ್ಲಿ.

ಕೃಷ್ಣಸಂಧಾನ ಪ್ರಸಂಗದ ಕೌರವ ಕೃಷ್ಣನನ್ನು ದನ ಕಾಯುವವನೆಂದು ಹಂಗಿಸಿದರೆ ಅದು ಸಲ್ಲುತ್ತದೆ. ಕಟುವಾದಷ್ಟೂ ಪಾತ್ರ ಏರುತ್ತದೆ. ಪಣದಂತೆ ಹದಿಮೂರು ವರ್ಷ ಕಳೆಯಿತಲ್ಲ, ಐದೂರಾದರೂ ಕೊಡು ಎಂದು ಕೃಷ್ಣ ಹಿಡಿದಾಗ, ‘ಸಾಕು, ಇದು ನನ್ನ ಆಸ್ಥಾನ’ ಎಂದು ಕೌರವ ಮಾತು ಕಡಿದರೆ? ಚಕ್ರವರ್ತಿಗೆ ಆ ಹಕ್ಕಿದೆ. ಆದರೆ ಉತ್ತರ ಹೊಳೆಯದ ಅರ್ಥಧಾರಿ ಸಿಂಹಾಸನದ ಮರೆಗೆ ಸರಿದದ್ದು ಮುಂದಿನ ಸಾಲಿನವರಿಗೆ ಕೂಡಲೇ ತಿಳಿಯುತ್ತದೆ. ಪಾಂಡವರು ಪಾಂಡುವಿಗೆ ಹುಟ್ಟಿದವರೇ ಅಲ್ಲ, ಪಾಲು ಎಲ್ಲಿಂದ ಎಂದು ಕೇಳಿ, ಅದಕ್ಕೆ ಬಂದ ಉತ್ತರವನ್ನೂ ಕೇಳಿಸಿಕೊಂಡು ಆಮೇಲೆ ಗದರಿದರೆ ಆ ಗದರಿಕೆ ಕೌರವನದೇ. ಇದಿರಿನ ಅರ್ಥಧಾರಿಯ ಸ್ವಂತ ಉದ್ಯೋಗ, ಮೈಬಣ್ಣ ಎತ್ತಿ ಆಡಿದ್ದಂತೂ ಅರ್ಥವೇ ಅಲ್ಲ. ಅದರ ಚರ್ಚೆ ಬೇಡ.

ವಾಲಿವಧೆ ಪ್ರಸಂಗ ಇನ್ನೂ ನಾಜೂಕು. ಮರೆಯಿಂದ ಬಾಣ ಬಿಟ್ಟದ್ದೇಕೆ ಎಂಬ ವಾಲಿಯ ಪ್ರಶ್ನೆಗೆ ‘ನಾನು ಅವತಾರ’ ಎಂದುಬಿಡುವ ರಾಮ ವಾದದಿಂದ ತಪ್ಪಿಸಿಕೊಂಡ ಹಾಗೆ. ವಾಲ್ಮೀಕಿಯ ರಾಮ ಅಷ್ಟು ಸುಲಭದ ದಾರಿ ಹಿಡಿಯುವುದಿಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಧರ್ಮ, ಭರತನ ಆಳ್ವಿಕೆಯಲ್ಲಿ ಅದನ್ನು ದಂಡಿಸುವ ಹೊಣೆ ತನ್ನದು ಎಂದು ಕಾರಣ ಕೊಡುತ್ತಾನೆ. ಇತ್ತ ವಾಲಿ ಹೇಳುವವರು ಹಿರಿಯರು, ರಾಮ ಹೇಳುವವನು ಹುಡುಗ ಎಂದಿಟ್ಟುಕೊಳ್ಳಿ. ಗಂಟೆಗಟ್ಟಲೆ ವಾದಿಸಿ ಅವನ ಬಾಯಿ ಕಟ್ಟಿಸಬಹುದು, ಚಪ್ಪಾಳೆಯೂ ಬೀಳುತ್ತದೆ. ಆದರೆ ಇದೇ ವಾಲಿ ಮುಂದೆ ಶರಣಾಗಿ ಅಂಗದನನ್ನು ಒಪ್ಪಿಸಬೇಕು. ಗೆದ್ದವನು ಯಾಕೆ ಬಾಗುತ್ತಾನೆ? ಪ್ರಸಂಗ ಮುಗ್ಗರಿಸುವುದು ಅಲ್ಲಿ. ತಾನು ಬಾಗುವುದಕ್ಕೆ ಕಾರಣವನ್ನು ತನ್ನ ಆರೋಪಗಳ ನಡುವೆಯೇ ಇಟ್ಟುಕೊಂಡು ಬರುವವನು ಪಾತ್ರದಲ್ಲಿ ನಿಂತ ವಾಲಿ.

ಇದಕ್ಕೆಲ್ಲ ಕಡಿವಾಣ ಭಾಗವತರ ಕೈಯಲ್ಲಿ. ಮಾತು ಎಲ್ಲೆ ಮೀರಿದರೆ ಅವರು ಮುಂದಿನ ಪದ್ಯ ಎತ್ತುತ್ತಾರೆ. ಎಂಥ ಚಕ್ರವರ್ತಿಯೂ ಸುಮ್ಮನಾಗಬೇಕು. ಅವರಿಗೆ ಪಾತ್ರವಿಲ್ಲ, ಪಾತ್ರದ ನೆಪವೂ ಇಲ್ಲ. ಆದರೆ ಹೆಸರುವಾಸಿ ಅರ್ಥಧಾರಿಯನ್ನು ಕೇಳಲೆಂದೇ ಜನ ಸೇರಿದ ಕೂಟದಲ್ಲಿ ಪದ್ಯ ಎತ್ತುವ ಧೈರ್ಯ ಎಷ್ಟು ಜನರಿಗೆ? ಯಾವ ಪದ್ಯ ಹಾಡುವುದು, ಯಾವುದು ಬಿಡುವುದು ಎಂದು ಕೂಟಕ್ಕೆ ಮುಂಚೆಯೇ ನಿರ್ಧರಿಸುವುದೂ ಉಂಟು. ಹುಡುಗ ರಾಮನ ಪದ್ಯಗಳು ಅಲ್ಲೇ ಮೊಟಕಾಗಿದ್ದರೆ, ವೇದಿಕೆಯ ಮೇಲೆ ಯಾರು ಪಾತ್ರ ಮೀರಿದರು ಎಂದು ಹುಡುಕಿ ಪ್ರಯೋಜನವಿಲ್ಲ.