ಹಾವಿಗೂ ಒಂದು ಊರುಂಟು

ಪಾರ್ಸಲ್ಲಿಗೆ ಎರಡು ವಿಳಾಸಗಳಿರುತ್ತವೆ: ಹೋಗಿ ಮುಟ್ಟಬೇಕಾದ ಊರಿನದೊಂದು, ಹೊರಟು ಬಂದ ಊರಿನದೊಂದು. ಮೊದಲನೆಯದನ್ನು ನಡುವೆ ದಪ್ಪ ಅಕ್ಷರಗಳಲ್ಲಿ ಬರೆಯುತ್ತೇವೆ. ಎರಡನೆಯದನ್ನು ಮೂಲೆಯಲ್ಲಿ ಗೀಚುತ್ತೇವೆ. ಎಷ್ಟೋ ಸಲ ಬರೆಯುವುದನ್ನೇ ಮರೆಯುತ್ತೇವೆ. ಅರಿವೆ, ಪುಸ್ತಕ, ಉಪ್ಪಿನಕಾಯಿಗಳ ಮಟ್ಟಿಗೆ ಇದರಿಂದ ಆಗುವ ನಷ್ಟ ಅಷ್ಟರಲ್ಲಿಯೇ ಇದೆ. ಆದರೆ ಪೆಟ್ಟಿಗೆಯೊಳಗೆ ಇರುವುದು ಜೀವಂತ ಹಾವೋ ಆಮೆಯೋ ಆಗಿದ್ದರೆ, ಮೂಲೆಯ ಆ ಸಣ್ಣ ವಿಳಾಸಕ್ಕೇ ಬೆಲೆ ಹೆಚ್ಚು. ಸರೀಸೃಪಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಿದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮನದಟ್ಟಾದ ಸಂಗತಿ ಇದು.

ಹಾವನ್ನು ಟಪಾಲಿನಲ್ಲಿ ಕಳಿಸುವ ಪುಣ್ಯಾತ್ಮರು ಯಾರಪ್ಪ ಎಂದು ಓದುಗರು ನಕ್ಕಾರು. ಸರಕಾರ ಮಾತ್ರ ನಗಲಿಲ್ಲ. 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯ 19ನೆಯ ಕಲಮು, ಸ್ಫೋಟಕಗಳು, ಹೊಲಸು ವಸ್ತುಗಳು, ಸರಿಯಾಗಿ ಮುಚ್ಚದ ಹರಿತವಾದ ಆಯುಧಗಳು ಇವುಗಳ ಸಾಲಿನಲ್ಲಿಯೇ ಇನ್ನೊಂದನ್ನೂ ನಿಷೇಧಿಸಿತ್ತು: ಅಪಾಯಕಾರಿಯಾದ, ಇಲ್ಲವೆ ಇತರ ಟಪಾಲಿಗೂ ಅಂಚೆಯ ನೌಕರನಿಗೂ ಕೇಡು ಮಾಡಬಹುದಾದ ಜೀವಂತ ಪ್ರಾಣಿಯನ್ನು ಅಂಚೆಯಲ್ಲಿ ಕಳಿಸಕೂಡದು. ಈ ಕಾಯಿದೆ ನೂರಿಪ್ಪತ್ತು ವರ್ಷಗಳಿಗೂ ಮೀರಿ ಬಾಳಿ, 2023ರ ಹೊಸ ಅಂಚೆ ಕಾಯಿದೆ 2024ರ ಜೂನಿನಲ್ಲಿ ಜಾರಿಗೆ ಬಂದಾಗ ತೆರೆಯ ಮರೆಗೆ ಸರಿಯಿತು. ಅಂತರರಾಷ್ಟ್ರೀಯ ಅಂಚೆಯ ನಿಯಮಗಳು ಜೇನುನೊಣ, ಜಿಗಣೆ, ರೇಷ್ಮೆಹುಳುಗಳಿಗೆ ದಾರಿ ಬಿಟ್ಟಿವೆ. ಅಮೆರಿಕದ ಅಂಚೆಯವರು ಇನ್ನೂ ಉದಾರಿಗಳು. ಅವರು ಹಾವನ್ನು ಒಲ್ಲರು, ಆದರೆ 20 ಇಂಚಿಗಿಂತ ಉದ್ದವಲ್ಲದ ಮೊಸಳೆಯ ಮರಿಯನ್ನು ಒಪ್ಪಿಕೊಳ್ಳುತ್ತಾರೆ!

ನಮ್ಮ ಕಾಯಿದೆಯ ಕಾಳಜಿ ಯಾರ ಬಗೆಗೆ ಎಂಬುದನ್ನು ಗಮನಿಸಬೇಕು. ಪಕ್ಕದ ಪತ್ರ ಹರಿಯಬಾರದು, ನೌಕರನ ಕೈಗೆ ಕಡಿತವಾಗಬಾರದು. ಪೆಟ್ಟಿಗೆಯೊಳಗಿನ ಜೀವದ ಗತಿಯೇನು ಎಂಬ ಪ್ರಶ್ನೆ ಅಲ್ಲಿಲ್ಲ. ರೈಲಿನ ಕಾಯಿದೆಯಲ್ಲಿ ಆ ಜೀವಕ್ಕೆ ಒಂದು ಬೆಲೆಯಾದರೂ ಸಿಕ್ಕಿತು. 1890ರ ರೈಲ್ವೆ ಕಾಯಿದೆಯಲ್ಲಿ, ಸಾಗಾಟದಲ್ಲಿ ಪ್ರಾಣಿ ಸತ್ತರೆ ರೈಲಿನವರು ಹೊರಬೇಕಾದ ಹೊಣೆಗೆ ಮಿತಿ ಹಾಕಿದ್ದರು. ಹೆಚ್ಚಿನ ಬೆಲೆಯನ್ನು ಮೊದಲೇ ಘೋಷಿಸಿರದಿದ್ದರೆ ಆನೆಗೂ ಕುದುರೆಗೂ 500 ರೂಪಾಯಿ, ಒಂಟೆಗೂ ದನಕ್ಕೂ 50. ಕತ್ತೆ, ಕುರಿ, ಆಡು, ನಾಯಿ ಮತ್ತು ‘ಇತರ ಪ್ರಾಣಿ’ಗಳಿಗೆ 10 ರೂಪಾಯಿ. ಹಾವು, ಆಮೆ, ಉಡ ಎಲ್ಲವೂ ಈ ‘ಇತರ’ ಎಂಬ ಮಾತಿನೊಳಗೆ ಸುರುಳಿ ಸುತ್ತಿಕೊಂಡು ಮಲಗಬೇಕಾಯಿತು.

ಹಿಂದೆ ಹಾವು ಊರೂರು ತಿರುಗುತ್ತಿರಲಿಲ್ಲವೆಂದಲ್ಲ. ಹಾವಾಡಿಗನ ಬುಟ್ಟಿಯಲ್ಲಿ ಅದು ಜಾತ್ರೆಯಿಂದ ಜಾತ್ರೆಗೆ ತಿರುಗಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಕಸುಬು ಅಪರಾಧವಾಯಿತು. ಹಲ್ಲು ಕಿತ್ತ ನಾಗರದ ಪಾಡನ್ನು ಕಂಡವರು ಅದಕ್ಕಾಗಿ ಮರುಗಲಾರರು. ಆದರೂ ಆ ಬುಟ್ಟಿಯ ಜೊತೆಗೆ ಒಬ್ಬ ಮನುಷ್ಯನಿರುತ್ತಿದ್ದ. ಬಿಸಿಲೇರಿದರೆ ಬುಟ್ಟಿಯನ್ನು ನೆರಳಿಗೆ ಸರಿಸಲು ಒಂದು ಕೈ ಇತ್ತು. ಈ ಹಾವು ಯಾವ ಊರಿನ ಯಾವ ಬದುವಿನಲ್ಲಿ ಸಿಕ್ಕಿತೆಂದು ಕೇಳಿದರೆ ಹೇಳಲು ಒಂದು ಬಾಯಿ ಇತ್ತು. ರೈಲು, ವಿಮಾನ, ಕೊರಿಯರುಗಳ ಕಾಲದಲ್ಲಿ ಪೆಟ್ಟಿಗೆ ಒಂಟಿಯಾಗಿ ಪ್ರಯಾಣ ಹೊರಟಿತು.

ಒಂಟಿಯಾಗಿ ಹೊರಟ ಹಾವಿಗೆ ಅದರ ಗಟ್ಟಿತನವೇ ಮುಳುವು. ಸರೀಸೃಪ ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು; ಸುತ್ತಲಿನ ಬಿಸಿಯೇ ಅದರ ಬಿಸಿ. ಬಿಸಿಲು ಬೇಕಾದಾಗ ಬಂಡೆಯ ಮೇಲೆ, ಹೆಚ್ಚಾದಾಗ ಬಿಲದೊಳಗೆ — ಹೀಗೆ ಜಾಗ ಬದಲಿಸುತ್ತಲೇ ಅದು ಬದುಕುತ್ತದೆ. ಪೆಟ್ಟಿಗೆಯಲ್ಲಿ ಬದಲಿಸಲು ಜಾಗವಿಲ್ಲ. ವಾರಗಟ್ಟಲೆ ಉಪವಾಸವಿದ್ದರೂ ಹಾವು ಸಾಯದು. ಆದರೆ ನಲವತ್ತು ಡಿಗ್ರಿ ಮೀರಿದ ಬಿಸಿಲಿನಲ್ಲಿ ಮುಚ್ಚಿದ ಪೆಟ್ಟಿಗೆಯನ್ನು ಇಟ್ಟರೆ ಹೆಚ್ಚು ಹೊತ್ತು ಉಳಿಯದು. ನಾಯಿಯಾದರೆ ಬೊಗಳೀತು, ಕೋಳಿಯಾದರೆ ಕೂಗೀತು. ಹಾವು ಸಾಯುವಾಗಲೂ ಸದ್ದು ಮಾಡದು. ‘ಬಹಳ ಗಟ್ಟಿ ಪ್ರಾಣಿ, ಏನೂ ಆಗುವುದಿಲ್ಲ’ ಎಂದು ಹೇಳಿ ಇಟ್ಟುಹೋದವನಿಗೆ, ಪೆಟ್ಟಿಗೆ ತೆರೆಯುವ ತನಕ ಏನಾಯಿತೆಂದು ತಿಳಿಯದು. ಆದ್ದರಿಂದಲೇ ಬಲ್ಲವರು ಪ್ರಯಾಣಕ್ಕೆ ಮೊದಲು ಕೆಲವು ದಿನ ಅದಕ್ಕೆ ಆಹಾರ ಕೊಡುವುದಿಲ್ಲ; ತಿಂದದ್ದು ಜೀರ್ಣವಾಗದೆ ಹೊರಬಂದರೆ ಆಪತ್ತು. ಅರಿವೆಯ ಚೀಲದಲ್ಲಿ ಕಟ್ಟಿ, ಗಾಳಿಗೆ ತೂತುಗಳಿರುವ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಒಳಗೆ ಏನಿದೆ ಎಂಬುದನ್ನು ಹೊರಗೆ ಸ್ಪಷ್ಟವಾಗಿ ಬರೆಯುತ್ತಾರೆ.

ವಿಷವೈದ್ಯದ ಚರಿತ್ರೆ ಇಂಥದೊಂದು ಸಾಗಾಟದಿಂದಲೇ ತಿರುವು ಪಡೆಯಿತು. 1891ರಲ್ಲಿ ಫ್ರೆಂಚರ ಆಳಿಕೆಯಲ್ಲಿದ್ದ ಇಂಡೋಚೀನದ ಬಾಕ್ ಲ್ಯೂ ಎಂಬ ಕಡೆ, ಮಳೆಗಾಲದಲ್ಲಿ ನಾಗರಹಾವುಗಳು ಹಳ್ಳಿಯೊಳಗೆ ನುಗ್ಗಿ ನಲವತ್ತು ಜನರನ್ನು ಕಚ್ಚಿದವು. ಸ್ಥಳೀಯ ಹಾವಾಡಿಗನೊಬ್ಬ ಹತ್ತೊಂಬತ್ತು ಹಾವುಗಳನ್ನು ಜೀವಂತ ಹಿಡಿದು ಒಂದು ಪೀಪಾಯಿಯಲ್ಲಿ ತುಂಬಿದ. ಆ ಪೀಪಾಯಿ ಸೈಗಾನಿನಲ್ಲಿದ್ದ ಆಲ್ಬರ್ಟ್ ಕಾಲ್ಮೆಟ್ ಎಂಬ ತರುಣ ವೈದ್ಯನಿಗೆ ಹೋಯಿತು. ಬದುಕಿ ಮುಟ್ಟಿದ ಹಾವುಗಳ ವಿಷದಿಂದ ಆತ ಪ್ರಯೋಗ ಆರಂಭಿಸಿ, ಫ್ರಾನ್ಸಿಗೆ ಮರಳಿದ ಮೇಲೆ 1894ರಲ್ಲಿ ಹಾವಿನ ವಿಷಕ್ಕೆ ಪ್ರತಿವಿಷವನ್ನು ಪ್ರಕಟಿಸಿದ. ಲಕ್ಷಾಂತರ ಜೀವಗಳನ್ನು ಉಳಿಸಿದ ಔಷಧದ ಮೂಲದಲ್ಲಿ ಒಂದು ಪೀಪಾಯಿ ಹಾವು ಇದೆ.

ಆದರೆ ಕಾಲ್ಮೆಟ್ ಪೀಪಾಯಿಯ ಮೂಲೆಯ ವಿಳಾಸವನ್ನು ಓದಲಿಲ್ಲ. ನಾಗರದ ವಿಷಕ್ಕೆ ಮಾಡಿದ ಔಷಧ ಎಲ್ಲ ದೇಶದ ಎಲ್ಲ ಹಾವುಗಳಿಗೂ ಸಾಕೆಂದು ಆತ ನಂಬಿದ. ಆಸ್ಟ್ರೇಲಿಯದಲ್ಲಿ ಚಾರ್ಲ್ಸ್ ಮಾರ್ಟಿನ್ ಅಲ್ಲಿನ ಹಾವುಗಳ ವಿಷಕ್ಕೆ ಅದು ನಾಟುವುದಿಲ್ಲವೆಂದು ತೋರಿಸಿದ. ನಮ್ಮಲ್ಲಿ ಜಾರ್ಜ್ ಲ್ಯಾಂಬ್, ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಕೊಳಕುಮಂಡಲದ ವಿಷದೆದುರು ಅದು ನಿಷ್ಫಲವೆಂದು ಸಾಧಿಸಿದ. ಹಾವು ಯಾವುದು, ಎಲ್ಲಿಯದು ಎಂಬ ಎರಡು ಪ್ರಶ್ನೆಗಳು ವಿಜ್ಞಾನಕ್ಕೆ ಅಂಟಿಕೊಂಡದ್ದು ಆಗ.

ಆ ಪ್ರಶ್ನೆಗಳಿಗೆ ಉತ್ತರ ಪಡೆಯಲು ತೆತ್ತ ಬೆಲೆಯೂ ದೊಡ್ಡದು. ಆಸ್ಟ್ರೇಲಿಯದ ಟೈಪಾನ್ ಎಂಬ ಘೋರ ಸರ್ಪಕ್ಕೆ ಔಷಧ ಮಾಡಬೇಕಾದರೆ ಜೀವಂತ ಹಾವೇ ಬೇಕಿತ್ತು. 1950ರ ಜುಲೈಯಲ್ಲಿ ಇಪ್ಪತ್ತು ವರ್ಷದ ಕೆವಿನ್ ಬಡ್ಡನ್ ಕೇರ್ನ್ಸ್ ಊರಿನ ಬಳಿ ಒಂದನ್ನು ಬರಿಗೈಯಲ್ಲಿ ಹಿಡಿದ. ಹಿಡಿದ ಕೈ ಬಿಡದೆಯೇ ದಾರಿಯಲ್ಲಿ ಬಂದ ಲಾರಿ ಹತ್ತಿ, ಹಾವು ಬಲ್ಲವರೊಬ್ಬರ ಮನೆಗೆ ಹೋಗಿ ಗುರುತು ಹಿಡಿಸಿದ. ಚೀಲಕ್ಕೆ ಹಾಕುವಾಗ ಅದು ಕಚ್ಚಿತು. ಬೇರೆ ಜಾತಿಯ ಹಾವಿಗಾಗಿ ಮಾಡಿದ ಪ್ರತಿವಿಷವನ್ನು ಕೊಟ್ಟರು, ಉಪಯೋಗವಾಗಲಿಲ್ಲ. ಹಾವನ್ನು ಕೊಲ್ಲಬೇಡಿ, ಸಂಶೋಧನೆಗೆ ಕಳಿಸಿ ಎಂದು ಹೇಳಿ, ಮರುದಿನ ಆತ ತೀರಿಕೊಂಡ. ಹಾವು ಖಂಡದ ಇನ್ನೊಂದು ತುದಿಯ ಮೆಲ್ಬರ್ನಿಗೆ ಜೀವಂತ ಮುಟ್ಟಿತು. 1955ರ ಹೊತ್ತಿಗೆ ಟೈಪಾನಿಗೆ ತಕ್ಕ ಪ್ರತಿವಿಷ ಸಿದ್ಧವಾಗಿತ್ತು. ಸರಿಯಾದ ವಿಳಾಸ ಹೊತ್ತ ಒಂದು ಪೆಟ್ಟಿಗೆ ಏನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವಿಳಾಸವನ್ನು ಬೇಕೆಂದೇ ಅಳಿಸಿದ ಪೆಟ್ಟಿಗೆಗಳೂ ಉಂಟು. ಅವು ಈಚೆಗೆ ನಮ್ಮ ಬೆಂಗಳೂರಿಗೇ ಬಂದಿಳಿದಿವೆ. 2023ರ ಆಗಸ್ಟಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಗಳಿಂದ 234 ಪ್ರಾಣಿಗಳನ್ನು ಸುಂಕದವರು ತೆಗೆದರು: ಹೆಬ್ಬಾವು, ಗೋಸುಂಬೆ, ಇಗುವಾನ, ಆಮೆ, ಮೊಸಳೆಯ ಜಾತಿಯ ಮರಿಗಳು. ಅವುಗಳ ನಡುವೆ ಉಸಿರುಗಟ್ಟಿ ಸತ್ತ ಒಂದು ಕಾಂಗರೂ ಮರಿ. ಮುಂದಿನ ತಿಂಗಳೇ ವಾರಸುದಾರರಿಲ್ಲದ ಸಾಮಾನಿನಲ್ಲಿ ಮತ್ತೆ 78 ಪ್ರಾಣಿಗಳು ಸಿಕ್ಕವು. ಅದರಲ್ಲಿದ್ದ ಆರು ಕಪುಚಿನ್ ಮಂಗಗಳು ಸತ್ತಿದ್ದವು. 55 ಹೆಬ್ಬಾವುಗಳೂ 17 ಕಾಳಿಂಗ ಸರ್ಪಗಳೂ ಬದುಕಿದ್ದವು. ಅವನ್ನು ಬಂದ ದೇಶಕ್ಕೇ ಮರಳಿ ಕಳಿಸಿದರು. 2024ರ ಏಪ್ರಿಲಿನಲ್ಲಿ ಹತ್ತು ಹಳದಿ ಅನಕೊಂಡಗಳು ಹೀಗೆಯೇ ಬಂದವು. ಮಂಗ ಸತ್ತು ಹಾವು ಉಳಿದದ್ದನ್ನು ನೋಡಿದರೆ, ಕಳ್ಳಸಾಗಾಣಿಕೆಯವರಿಗೆ ಸರೀಸೃಪಗಳ ಮೇಲೆ ಇಷ್ಟೇಕೆ ಮೋಹ ಎಂಬುದು ತಿಳಿಯುತ್ತದೆ. ಅವು ಕೂಗುವುದಿಲ್ಲ, ಬೇಗ ಸಾಯುವುದಿಲ್ಲ.

ಕಾಳಿಂಗಗಳನ್ನು ಮರಳಿ ಕಳಿಸುವುದೇಕೆ, ಆಗುಂಬೆಯ ಕಾಡಿನಲ್ಲಿ ಬಿಡಬಹುದಾಗಿತ್ತಲ್ಲ ಎಂದು ನನ್ನನ್ನು ಕೇಳಿದವರುಂಟು. ಇದಕ್ಕೆ ಉತ್ತರ 2024ರಲ್ಲಿ ಸಿಕ್ಕಿತು. ಪಿ. ಗೌರೀಶಂಕರ್ ಮತ್ತು ಅವರ ಸಂಗಡಿಗರು, ಒಂದೇ ಜಾತಿ ಎಂದು ಜಗತ್ತು ಎಣಿಸಿದ್ದ ಕಾಳಿಂಗದಲ್ಲಿ ನಾಲ್ಕು ಜಾತಿಗಳಿವೆಯೆಂದು ಪ್ರಕಟಿಸಿದರು. ಪಶ್ಚಿಮ ಘಟ್ಟಗಳ ಜಾತಿಗೆ ನಮ್ಮ ಕನ್ನಡದ ಹೆಸರನ್ನೇ ಇಟ್ಟು ‘ಓಫಿಯೋಫೇಗಸ್ ಕಾಳಿಂಗ’ ಎಂದರು. ಹೆಡೆ ಒಂದೇ ಬಗೆಯದಾಗಿ ಕಂಡರೂ ಊರು ಬೇರೆ, ಕುಲ ಬೇರೆ. ಪರದೇಶದ ಪೆಟ್ಟಿಗೆಯ ಹಾವನ್ನು ಇಲ್ಲಿ ಬಿಟ್ಟರೆ ಕುಲವೂ ಬೆರೆತೀತು, ಅದರೊಡನೆ ಬಂದ ರೋಗವೂ ಹಬ್ಬೀತು.

ಇದೇ ತೊಡಕು ನಮ್ಮ ನಕ್ಷತ್ರ ಆಮೆಗೂ ಒದಗಿದೆ. ಬೆನ್ನ ಮೇಲೆ ಚುಕ್ಕೆಯ ಕಿರಣಗಳ ಚಿತ್ತಾರ ಹೊತ್ತ ಈ ಬಡಪಾಯಿಯನ್ನು ದಕ್ಷಿಣದ ಒಣನೆಲದಿಂದ ಹೆಕ್ಕಿ, ಕಾಲು ಚಾಚದಂತೆ ಸುತ್ತಿ, ಕಡಲಾಚೆಯ ಮನೆಗಳಲ್ಲಿ ಸಾಕಲು ಮಾರುತ್ತಾರೆ. 2018ರ ನವೆಂಬರಿನಲ್ಲಿ ಸಿಂಗಪುರದ ಪ್ರಾಣಿದಯಾ ಸಂಸ್ಥೆಯೊಂದು ಅಲ್ಲಿ ಪಾರು ಮಾಡಿದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಕಳಿಸಿತು. ತವರಿಗೆ ಬಂದವೆಂದು ಹರ್ಷಿಸಿದೆವು. ಆದರೆ ತವರು ಯಾವುದು? ವಾಯವ್ಯದ ಒಣನಾಡಿನ ಆಮೆಗಳು ಬೇರೆ, ದಕ್ಷಿಣದವು ಬೇರೆ, ಸಿಂಹಳದವು ಬೇರೆ. ಹಿಡಿದವನು ಅಳಿಸಿಹಾಕಿದ ವಿಳಾಸವನ್ನು ಆನುವಂಶಿಕ ಗುರುತಿನಿಂದ ಓದಲು ಹೈದರಾಬಾದಿನ ವಿಜ್ಞಾನಿಗಳು ಯತ್ನಿಸಿದ್ದಾರೆ. ಹೊರಗೆ ಹೋಗಲು ಆಮೆಗೆ ಒಂದು ರಾತ್ರಿ ಸಾಕಾಗುತ್ತದೆ. ಮರಳಿ ತನ್ನ ಹೊಲದ ಬೇಲಿಗೆ ಸೇರಲು ವರ್ಷಗಳು ಬೇಕು. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಪಟ್ಟಿಗೆ ಈ ಆಮೆಯನ್ನು ಸೇರಿಸಿ ಅದರ ವ್ಯಾಪಾರವನ್ನು ನಿಷೇಧಿಸಲಾಯಿತು.

ಹಾಗಾದರೆ ಹಾವಿನ ಸಾಗಾಟ ನಿಂತೇ ಹೋಗಲೆ? ಔಷಧಕ್ಕಾಗಿ ಅದು ಬಹುಮಟ್ಟಿಗೆ ನಿಂತಿದೆ ಎನ್ನಬಹುದು. ಮದರಾಸಿನ ಬಳಿ 1978ರಲ್ಲಿ ಇರುಳ ಜನಾಂಗದ ಹಾವು ಹಿಡಿಯುವವರ ಸಹಕಾರಿ ಸಂಘ ಹುಟ್ಟಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕನ್ನೂ ಹಿಡಿದು, ಬಟ್ಟೆ ಕಟ್ಟಿದ ಮಣ್ಣಿನ ಗಡಿಗೆಗಳಲ್ಲಿ ಕೆಲವು ವಾರ ಇಟ್ಟು, ನಾಲ್ಕಾರು ಸಲ ವಿಷ ತೆಗೆದು, ಹಾವನ್ನು ಮತ್ತೆ ಹೊರಗೆ ಬಿಡುತ್ತಾರೆ. ಪ್ರಯಾಣ ಮಾಡುವುದು ಒಣಗಿಸಿದ ವಿಷದ ಪುಡಿ. ಅದಕ್ಕೆ ಉಸಿರು ಬೇಡ, ನೆರಳು ಬೇಡ, ಜೊತೆಗಾರ ಬೇಡ. ಆ ಪುಡಿಯನ್ನು ಅಳೆದು ಕುದುರೆಗಳಿಗೆ ಕೊಟ್ಟು, ಅವುಗಳ ರಕ್ತದಿಂದ ಪ್ರತಿವಿಷ ತಯಾರಿಸುತ್ತಾರೆ.

ಆದರೆ ಪುಡಿಗೂ ಒಂದು ಊರುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ಈಚಿನ ವರ್ಷಗಳಲ್ಲಿ ಇದನ್ನೇ ತೋರಿಸುತ್ತಿದೆ: ಒಂದೇ ಜಾತಿಯ ನಾಗರ, ಒಂದೇ ಜಾತಿಯ ಕೊಳಕುಮಂಡಲ, ಪ್ರದೇಶ ಬದಲಾದಂತೆ ವಿಷದ ಗುಣವನ್ನು ಬದಲಿಸುತ್ತವೆ, ತಮಿಳುನಾಡಿನ ಕೆಲವೇ ಜಿಲ್ಲೆಗಳ ಹಾವುಗಳನ್ನು ಹೆಚ್ಚಾಗಿ ನೆಚ್ಚಿದ ಔಷಧ ಎಲ್ಲ ಕಡೆಗೂ ಸಮನಾಗಿ ನಾಟುವುದಿಲ್ಲ. ಕಾಲ್ಮೆಟ್‌ಗೆ ಮಾರ್ಟಿನ್ನನೂ ಲ್ಯಾಂಬನೂ ಹೇಳಿದ ಮಾತನ್ನು ನೂರು ವರ್ಷಗಳ ಮೇಲೆ ನಮಗೆ ನಾವೇ ಮತ್ತೆ ಹೇಳಿಕೊಳ್ಳಬೇಕಾಗಿದೆ. 2000ದಿಂದ 2019ರ ವರೆಗೆ ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಲ್ಲಿ ಕಚ್ಚಿತು ಎಂಬ ವಿಳಾಸ ಇನ್ನಾದರೂ ಕಾಗದಕ್ಕೆ ಬಂದೀತು.

ನಾನು ಇದನ್ನು ಬರೆಯುವಾಗ ನನ್ನ ಕಣ್ಣ ಮುಂದಿರುವುದು ಬಾಗಲಕೋಟೆ ಜಿಲ್ಲೆಯ ಗುಡೂರು. ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯ ಊರದು. ಕಲ್ಲು ನೆಲ, ಬಿಳಿಜೋಳದ ಹೊಲ; ಮನೆಗಳೊಳಗೆ ಮಗ್ಗದ ಸದ್ದು. ಆ ಸೀಮೆಯ ಸೀರೆ ಕಟ್ಟು ಕಟ್ಟಿಕೊಂಡು ಎಲ್ಲಿಗೇ ಹೋಗಲಿ, ತಡವಾಗಿ ಮುಟ್ಟಿದರೂ ಕೆಡುವುದಿಲ್ಲ. ಪುಣೆಯ ಅಂಗಡಿಯಲ್ಲಿಯೂ ಅದು ಇಳಕಲ್ಲ ಸೀರೆಯೇ. ತನ್ನ ಊರ ಹೆಸರನ್ನು ಅದು ಸೆರಗಿನಲ್ಲಿಯೇ ಹೊತ್ತಿರುತ್ತದೆ. ಅಲ್ಲಿ ಹೊಲಕ್ಕೆ ಹೋದ ಹೆಣ್ಣುಮಗಳ ಕಾಲಿಗೆ ಕಲ್ಲ ಸಂದಿಯ ಗರಗಸಮಂಡಲ ಕಚ್ಚಿದರೆ, ಎರಡು ಪ್ರಯಾಣಗಳು ಒಂದನ್ನೊಂದು ಸಂಧಿಸಬೇಕಾಗುತ್ತದೆ. ಅವಳು ಮಂತ್ರ, ಬೇರು, ಕಟ್ಟು ಎಂದು ದಾರಿಯಲ್ಲಿ ತಡಮಾಡದೆ ಆಸ್ಪತ್ರೆಗೆ ಮುಟ್ಟಬೇಕು. ದೂರದ ಹಾವಿನ ವಿಷದಿಂದ ಹುಟ್ಟಿದ ಔಷಧ ಅವಳಿಗಿಂತ ಮೊದಲೇ ಅಲ್ಲಿ ಕಾದಿರಬೇಕು.

ಆ ಸಣ್ಣ ಸೀಸೆಯ ಮೇಲೆ ತಯಾರಿಸಿದವರ ಹೆಸರಿದೆ, ಅವಧಿ ಮುಗಿಯುವ ತಿಂಗಳಿದೆ, ಯಾವ ಯಾವ ಹಾವಿಗೆ ಎಂಬುದೂ ಇದೆ. ಆ ಹಾವು ಎಲ್ಲಿಯದು ಎಂಬ ಒಂದು ಸಾಲು ಇನ್ನೂ ಸೇರಬೇಕಾಗಿದೆ.