ರಂಗವಿಠಲನ ಹಾಡು: ಮೇಲು ಯಾವುದು, ಕೀಳು ಯಾವುದು?

ಒಬ್ಬ ಹಾಡುಗಾರನ ಹಾಡುಗಳಲ್ಲಿ ಮೇಲು ಯಾವುದು, ಕೀಳು ಯಾವುದು ಎಂದು ಅವನ ಅಭಿಮಾನಿಗಳೇ ಕುಳಿತು ಜಗಳವಾಡುವುದು ಹೊಸ ಸಂಗತಿಯಲ್ಲ. ಇಂದು ಟೇಕಲ್ ನಿಲ್ದಾಣದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಹುಡುಗರು ರ್‍ಯಾಪ್ ಹಾಡುವವನೊಬ್ಬನ ಹಾಡುಗಳನ್ನು ಹೀಗೆಯೇ ಒರೆಗೆ ಹಚ್ಚುತ್ತಾರೆ. ಗಾಡಿ ಮಾಲೂರು ದಾಟುವ ಹೊತ್ತಿಗೆ ಅವರಲ್ಲಿ ಎರಡು ಪಕ್ಷಗಳಾಗಿರುತ್ತವೆ. ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಗಳಲ್ಲಿ 1973ರ ಸುಮಾರಿಗೆ ಹುಟ್ಟಿದ ಆ ಹಾಡುಗಾರಿಕೆಯ ಗುಣದೋಷವನ್ನು ನಾನು ಅವರಿಗೇ ಬಿಡುತ್ತೇನೆ. ನಾನು ಹೇಳಹೊರಟಿರುವುದು ಅದೇ ಟೇಕಲ್ಲಿನಲ್ಲಿ ನಮ್ಮ ಹಿರಿಯರು ಶನಿವಾರದ ಭಜನೆ ಮುಗಿದ ಮೇಲೆ ಆಡುತ್ತಿದ್ದ ಇನ್ನೊಂದು ಜಗಳದ ವಿಷಯ. ಅವರ ಹಾಡುಗಾರರು ನಮ್ಮ ಸೀಮೆಯವರೇ, ಮುಳಬಾಗಿಲಿನ ಶ್ರೀಪಾದರಾಜರು.

ಶ್ರೀಪಾದರಾಜರು 15ನೆಯ ಶತಮಾನದವರು. ಹುಟ್ಟಿದ್ದು ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ. ಪೀಠವೇರಿ ನೆಲೆಸಿದ್ದು ಮುಳಬಾಗಿಲಿನಲ್ಲಿ. ವಿಜಯನಗರದ ವ್ಯಾಸರಾಯರು ಅವರಲ್ಲಿ ಓದಿದವರು. ಅವರ ವೃಂದಾವನ ಮುಳಬಾಗಿಲ ಬಳಿಯ ನರಸಿಂಹತೀರ್ಥದಲ್ಲಿದೆ. ಕನ್ನಡದಲ್ಲಿ ಅವರ ಅಂಕಿತ ‘ರಂಗವಿಠಲ’. ಬಿಡಿ ಪದಗಳು, ಉಗಾಭೋಗಗಳು, ಸುಳಾದಿಗಳು, ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳು, ನರಸಿಂಹಾವತಾರದ ಕಥೆ ಹೇಳುವ ಒಂದು ದೀರ್ಘ ದಂಡಕ—ಇದು ಅವರ ಹಾಡಿನ ಆಸ್ತಿ.

ಈ ಆಸ್ತಿಯ ಪಾಲಿನಲ್ಲಿಯೇ ನಮ್ಮ ಹಿರಿಯರಿಗೆ ವ್ಯಾಜ್ಯ. ಒಂದು ಪಕ್ಷದವರು ‘ಕಂಗಳಿದ್ಯಾತಕೋ’ ಪದದ ಕಡೆಯವರು. ಮುಳಬಾಗಿಲಿನ ಯತಿ ಕಾವೇರಿಯ ರಂಗನನ್ನು ನೆನೆದು ಹಾಡಿದ ಆ ಪದದಲ್ಲಿ ಒಂದು ಮಾತೂ ಹೆಚ್ಚಿಲ್ಲ, ಕೇಳಿದವನಿಗೆ ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ ಎಂಬುದು ಅವರ ವಾದ. ಇನ್ನೊಂದು ಪಕ್ಷಕ್ಕೆ ನನ್ನ ಸೋದರತ್ತೆಯೇ ಮುಖ್ಯಸ್ಥೆ. ಆಕೆಗೆ ಭ್ರಮರಗೀತೆಯ ಮುಂದೆ ಬೇರೆಲ್ಲ ಸಪ್ಪೆ. ಕೃಷ್ಣ ಮಥುರೆಗೆ ಹೋದ ಮೇಲೆ ಗೋಪಿಯರು ದುಂಬಿಯೊಂದನ್ನು ಎದುರಿಗಿಟ್ಟುಕೊಂಡು ತಮ್ಮ ಸಂಕಟವನ್ನೆಲ್ಲ ಅದಕ್ಕೆ ಹೇಳುತ್ತಾರೆ. ಭಾಗವತದ ದಶಮಸ್ಕಂಧದ ಕಥೆ. “ನಿಮ್ಮ ಬಿಡಿ ಪದ ಉಪ್ಪಿನಕಾಯಿ ಇದ್ದಹಾಗೆ ಕಣಪ್ಪಾ, ಇದು ಊಟ” ಎನ್ನುತ್ತಿದ್ದಳು.

ಮೇಲಿನದರ ವಿಚಾರ ಹೀಗೆ ನಗುನಗುತ್ತ ನಡೆಯುತ್ತಿತ್ತು. ಕೀಳಿನ ಮಾತು ಬಂದರೆ ಮಾತ್ರ ಧ್ವನಿ ಏರುತ್ತಿತ್ತು. ದೇವರ ನಾಮಗಳನ್ನೂ ಅವತಾರಗಳನ್ನೂ ಸಾಲಾಗಿ ಪೋಣಿಸಿದ ಕೆಲವು ಪದಗಳನ್ನು ಕುರಿತು ತಾಳ ಹಾಕುತ್ತಿದ್ದವರೊಬ್ಬರು ಒಮ್ಮೆ, “ಇದೇನ್ರೀ, ಅಂಗಡಿ ಚೀಟಿ ಓದಿದಂಗಿದೆ” ಎಂದುಬಿಟ್ಟರು. ಯತಿಗಳ ವಾಣಿಗೆ ಹಾಗನ್ನಬಹುದೆ ಎಂದು ಹಿರಿಯರೊಬ್ಬರು ಎದ್ದೇ ನಿಂತರು. ಪ್ರಶ್ನೆ ಸಣ್ಣದಲ್ಲ. ಭಕ್ತಿಯಿಂದ ಕೇಳಬೇಕಾದದ್ದನ್ನು ರುಚಿಯಿಂದ ತೂಗಬಹುದೆ?

ತೂಗಬಹುದು, ತೂಗಲೇಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಶ್ರೀಪಾದರಾಜರ ಚರಿತ್ರೆಯೇ ಸಾಕ್ಷಿ. ಅವರು ಸಂಸ್ಕೃತದಲ್ಲಿ ಬರೆದ ‘ವಾಗ್ವಜ್ರ’ ಜಯತೀರ್ಥರ ನ್ಯಾಯಸುಧೆಯ ಮೇಲಿನ ಗಹನವಾದ ಗ್ರಂಥ. ಶಾಸ್ತ್ರವೆಲ್ಲ ಸಂಸ್ಕೃತದಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಪಂಡಿತಮಂಡಲಿಯನ್ನು ಕೇಳಿದ್ದರೆ ಮೇಲಿನದು ಆ ಗ್ರಂಥವೆಂದೇ ಹೇಳುತ್ತಿತ್ತು. ಪೀಠಾಧಿಪತಿಯೊಬ್ಬರು ಮನೆಮಾತಿನಲ್ಲಿ ಹಾಡು ಕಟ್ಟಿದ್ದು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಂದು ‘ವಾಗ್ವಜ್ರ’ ವಿದ್ವಾಂಸರ ಪೀಠದ ಮೇಲಿದೆ. ಪದಗಳು ಅಡಿಗೆಮನೆಯಿಂದ ಕಚೇರಿಯವರೆಗೆ ಎಲ್ಲ ಕಡೆಯೂ ಇವೆ. ಈ ತೀರ್ಪನ್ನು ತಿದ್ದಿದವರು ಹಾಡಿದವರು ಮತ್ತು ಕೇಳಿದವರು.

ಆದರೆ ಜನದ ತೀರ್ಪೂ ಯಾವಾಗಲೂ ನ್ಯಾಯವಾದುದಲ್ಲ. ಅದಕ್ಕೆ ಅನೇಕ ವೇಳೆ ರುಚಿಗಿಂತ ಅನುಕೂಲವೇ ಕಾರಣ. ದಾಸರ ಪದಗಳನ್ನು ಮಂಗಳೂರಿನ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅಚ್ಚು ಹಾಕಿಸಿದ್ದು 1850ರಲ್ಲಿ. ಶ್ರೀಪಾದರಾಜರಿಂದ ಅಲ್ಲಿಯವರೆಗಿನ ಮುನ್ನೂರೈವತ್ತು ವರ್ಷ ಈ ಹಾಡುಗಳು ಬದುಕಿದ್ದು ಜನರ ಬಾಯಲ್ಲಿ ಮತ್ತು ಕೈಬರಹದ ಕಟ್ಟುಗಳಲ್ಲಿ. ಬಾಯಿಗೆ ಸುಲಭವಾದದ್ದು ಉಳಿಯಿತು. ಆಮೇಲೆ ಬಿಡಾರಂ ಕೃಷ್ಣಪ್ಪನವರಂಥವರು (1866–1931) ದೇವರನಾಮಕ್ಕೆ ಕಚೇರಿಯಲ್ಲಿ ಗೌರವದ ಸ್ಥಾನ ಕೊಟ್ಟರು. ಅದು ದೊಡ್ಡ ಉಪಕಾರ. ಆದರೂ ಕಚೇರಿಯಲ್ಲಿ ಅದಕ್ಕೆ ದೊರೆಯುವುದು ಸಾಮಾನ್ಯವಾಗಿ ಕೊನೆಯ ಗಳಿಗೆ. ಅಲ್ಲಿ ಭ್ರಮರಗೀತೆ ಹಿಡಿಸುವುದಿಲ್ಲ. ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ಮೂರು ನಿಮಿಷದಷ್ಟು ಹಾಡು. ಅಲ್ಲಿಯೂ ಗೆದ್ದದ್ದು ಚಿಕ್ಕ ಪದವೇ. ಹೀಗೆ ‘ಅತ್ಯುತ್ತಮ’ ಎಂದು ನಾವು ಹೇಳುವುದರಲ್ಲಿ ಅರ್ಧ ಪಾಲು ಗಡಿಯಾರದ ತೀರ್ಪು.

ಕೀರ್ತಿಯದೂ ಒಂದು ಪಾಲು ಇದೆ. ಒಬ್ಬ ದಾಸರ ಪದ ಇನ್ನೊಬ್ಬರ ಅಂಕಿತದಲ್ಲಿ ಕೇಳಿಬರುವುದು ದಾಸಸಾಹಿತ್ಯವನ್ನು ಬಲ್ಲವರಿಗೆ ಗೊತ್ತಿರುವ ತೊಡಕು. ಚೆನ್ನಾದ ಪದವನ್ನು ಹೆಸರಾದ ಪುರಂದರದಾಸರಿಗೆ ಒಪ್ಪಿಸುವುದು ಹಾಡುವವರಿಗೆ ಸಹಜ. ಹಾಗಾದಾಗಲೆಲ್ಲ ಹಳಬರ ಪಟ್ಟಿಯಿಂದ ಒಂದು ಒಳ್ಳೆಯ ಹಾಡು ಕಡಿಮೆಯಾಗುತ್ತದೆ. ಉಳಿದದ್ದನ್ನು ನೋಡಿ ನಾವು ಅವರ ಬೆಲೆ ಕಟ್ಟುತ್ತೇವೆ.

ಇನ್ನು ಆ ದಂಡಕದ ಮಾತು. ಭಜನೆಯವರಲ್ಲಿ ಹೆಚ್ಚು ಮಂದಿ ಕೀಳೆಂದದ್ದು ಅದನ್ನೇ. ಪಲ್ಲವಿಯಿಲ್ಲ, ಎಲ್ಲರೂ ಕೂಡಿ ಹೇಳುವಂತಿಲ್ಲ, ಉದ್ದ ಬೇರೆ. ಆದರೆ ದಂಡಕವೆಂದರೆ ಮಾತನ್ನೇ ಲಯಕ್ಕೆ ಕಟ್ಟಿ ಓಡಿಸುವ ಬಂಧ. ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ತಿಳಿದವರ ಬಾಯಲ್ಲಿ ಕಂಬ ಒಡೆಯುವುದು ಕಿವಿಗೆ ಕೇಳಬೇಕು. ರೈಲಿನ ಹುಡುಗರು ಮೆಚ್ಚುವ ಕೌಶಲ ಇದಕ್ಕೆ ಬಹಳ ದೂರದ್ದಲ್ಲ. ಪುಸ್ತಕದಲ್ಲಿ ಕಣ್ಣಿನಿಂದ ಓದಿ ಅದನ್ನು ಒಣ ಎನ್ನುವವರು ಹಾಡನ್ನು ಕೇಳದೆಯೇ ತೀರ್ಪು ಕೊಟ್ಟವರು.

ಅತ್ತೆ ತೀರಿಕೊಂಡು ವರ್ಷಗಳಾದುವು. ಆಕೆಯ ಹಾಡಿನ ಪುಸ್ತಕ ನನ್ನಲ್ಲಿದೆ. ಭ್ರಮರಗೀತೆಯ ಒಂದೊಂದು ನುಡಿಯೂ ದುಂಡಗಿನ ಅಕ್ಷರದಲ್ಲಿ ಇದೆ. ಆಕೆ ಹಾಡುತ್ತಿದ್ದ ಧಾಟಿ ಮಾತ್ರ ಅದರಲ್ಲಿಲ್ಲ. ಧಾಟಿಯನ್ನು ಬರೆದಿಡುವ ಪದ್ಧತಿ ಆ ಹೆಂಗಸರಲ್ಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಗ್ಗುಲಲ್ಲಿ ಕುಳಿತು ಹಾಡುವವರು ಇರುತ್ತಿದ್ದರು. ಪದ ಉಳಿದು ಹಾಡು ಹೋಗುವುದೆಂದರೆ ಇದು.

ಆದ್ದರಿಂದ ಹಾಡು ಕೆಟ್ಟದ್ದೆಂದು ಹೇಳುವವರ ಮೇಲೆ ನನಗೆ ಕೋಪವಿಲ್ಲ. ಅಂಗಡಿ ಚೀಟಿ ಎಂದವರು ಆ ಪದವನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲವರಾಗಿದ್ದರು. ಎದ್ದು ನಿಂತ ಹಿರಿಯರು ಅದನ್ನು ಸಮರ್ಥಿಸಲು ಅಂದೇ ಮತ್ತೊಮ್ಮೆ ಹಾಡಿಸಿದರು. ಬೈಗುಳಕ್ಕೆ ಸಿಕ್ಕಿದ ಹಾಡೂ ಆ ರಾತ್ರಿ ಎರಡು ಸಲ ಬದುಕಿತು. ಯತಿಗಳ ವಾಣಿಗೆ ನಿಜವಾದ ಅಗೌರವ ಯಾವುದೆಂದರೆ, ಎಲ್ಲವೂ ಶ್ರೇಷ್ಠವೆಂದು ಕೈಮುಗಿದು ಒಂದನ್ನೂ ಹಾಡದಿರುವುದು.